ಹಿಂದಿನ ಟೈರ್ ನಂಬರ್: 65 ಸೆಂಟಿಮೀಟರ್‌ನ ಚರಿತ್ರೆ

ಭಾಗ 1/10
ಈ ನಂಬರ್ ಯಾಕೆ?

ಫೋಟೋದಲ್ಲಿರೋದು ಎಕ್ಸ್‌ಪಲ್ಸ್ 200ರ ಹಿಂದಿನ ಟೈರ್. ಜೂಮ್ ಮಾಡಿ ನೋಡಿ, ಪಕ್ಕದಲ್ಲಿ 120/80-18 ಅಂತ ಒತ್ತಿದೆ. ಈ ಸರಣಿಯ ಹತ್ತೂ ಪೋಸ್ಟ್ ಈ ಒಂದು ನಂಬರ್ ಬಗ್ಗೆ.

ಕೆಂಗೇರಿ ಉಪನಗರದಲ್ಲಿ ಸಂಜೆ ಹೊತ್ತು ಟೀ ಅಂಗಡಿ ಮುಂದೆ ನಿಂತ್ಕೊಳ್ಳಿ. ಮಣ್ಣು ಮೆತ್ತಿದ ಗಾಡಿ ನಾಲ್ಕು ನಿಂತಿರ್ತವೆ. ಯಾರೋ ಒಬ್ಬ ಹೇಳೇ ಹೇಳ್ತಾನೆ: "ಗುರು, ಹಿಂದೆ 140 ಹಾಕ್ಸಿದ್ರೆ ಸಕ್ಕತ್ತಾಗಿ ಕಾಣುತ್ತೆ, ಡಕಾರ್ ಗಾಡಿ ತರ." ಪಕ್ಕದವನು ತಲೆ ಆಡಿಸ್ತಾನೆ. ದಪ್ಪ ಟೈರ್ ಅಂದ್ರೆ ಜಾಸ್ತಿ ಗ್ರಿಪ್, ಜಾಸ್ತಿ ಗ್ರಿಪ್ ಅಂದ್ರೆ ಒಳ್ಳೆ ಆಫ್‌ರೋಡ್ ಗಾಡಿ. ಲೆಕ್ಕ ಅಷ್ಟೇ ಸುಲಭ ಅನ್ನಿಸುತ್ತೆ.

ಆದ್ರೆ ಟೈರ್ ಅಂದ್ರೆ ಸಾವಿರಗಟ್ಟಲೆ ದುಡ್ಡು. ನಮ್ಮಲ್ಲಿ ಬಹಳ ಜನಕ್ಕೆ ಇರೋದು ಒಂದೇ ಗಾಡಿ. ಸೋಮವಾರ ಕಾಲೇಜಿಗೂ ಅದೇ, ಭಾನುವಾರ ಮಂಚನಬೆಲೆ ಕಡೆ ಮಣ್ಣು ದಾರಿಗೂ ಅದೇ. ಹಿಂದಿನ ಸೀಟಲ್ಲಿ ಫ್ರೆಂಡ್ ಕೂರ್ತಾನೆ, ತಂಗಿ ಕೂರ್ತಾಳೆ, ಕೆಲವು ಸಲ ಅಮ್ಮನೂ ಕೂರ್ತಾರೆ. ಅವರೆಲ್ಲರ ಭಾರ ಬೀಳೋದು ಹೆಚ್ಚಾಗಿ ಆ ಹಿಂದಿನ ಟೈರ್ ಮೇಲೇ. ಹಾಗಾಗಿ "ಸಕ್ಕತ್ತಾಗಿ ಕಾಣುತ್ತೆ" ಅನ್ನೋದಕ್ಕಿಂತ ಸ್ವಲ್ಪ ಗಟ್ಟಿ ಕಾರಣ ಬೇಕು.

ಆ ಕಾರಣ ಚರಿತ್ರೆಯಲ್ಲಿದೆ. 120/80-18 ಅನ್ನೋದು ಯಾರೋ ಕಣ್ಣು ಮುಚ್ಚಿ ಆರಿಸಿದ ಸಂಖ್ಯೆ ಅಲ್ಲ. ಅದರ ಹಿಂದೆ ಬೆಲ್‌ಫಾಸ್ಟ್‌ನ ಒಬ್ಬ ದನದ ಡಾಕ್ಟರ್ ಇದ್ದಾನೆ, ಮೈಸೂರಿನ ಯಾದವಗಿರಿ ಇದೆ, ಸಹಾರಾ ಮರಳಿದೆ, ನಮ್ಮ ಕರ್ನಾಟಕದ ಇಬ್ಬರು ರೈಡರ್‌ಗಳಿದ್ದಾರೆ.

ಮೊದಲು ನಂಬರ್ ಓದೋದು ಕಲಿಯೋಣ. ಮುಂದಿನ ಪೋಸ್ಟ್‌ಗೆ ಬನ್ನಿ.

ಭಾಗ 2/10
ಓದೋದು ಹೇಗೆ?

120/80-18. ಮೂರು ಸಂಖ್ಯೆ, ಮೂರು ಬೇರೆ ಬೇರೆ ವಿಷಯ.

120 ಅಂದ್ರೆ ಟೈರ್‌ನ ಅಗಲ, ಮಿಲಿಮೀಟರ್‌ನಲ್ಲಿ.
80 ಅಂದ್ರೆ ಅಗಲದ ಶೇಕಡಾ 80ರಷ್ಟು ಎತ್ತರ. 120ರಲ್ಲಿ ಶೇ. 80 ಅಂದ್ರೆ 96 ಮಿ.ಮೀ. ರಿಮ್ ಅಂಚಿನಿಂದ ನೆಲದವರೆಗೆ ಇರೋ ರಬ್ಬರ್ ಗೋಡೆ ಇದು.
18 ಅಂದ್ರೆ ರಿಮ್‌ನ ವ್ಯಾಸ, ಇಂಚಿನಲ್ಲಿ.

ಹೌದು, ಒಂದೇ ನಂಬರಲ್ಲಿ ಮಿಲಿಮೀಟರ್, ಪರ್ಸೆಂಟ್, ಇಂಚು ಮೂರೂ ಇದೆ. ಅಕೌಂಟ್ಸ್ ಪೇಪರ್‌ನಲ್ಲಿ ಹೀಗೆ ಬರೆದ್ರೆ ಮಾರ್ಕ್ಸ್ ಕಟ್. ಟೈರ್ ಲೋಕದಲ್ಲಿ ಮಾತ್ರ ಹಳೇ ಇಂಚು ಹೋಗ್ಲಿಲ್ಲ, ಹೊಸ ಮೆಟ್ರಿಕ್ ಬಂದು ಪಕ್ಕದಲ್ಲಿ ಕೂತ್ಕೊಂಡಿತು. ಈ ಬೆರಕೆಯೇ ಒಂದು ಚರಿತ್ರೆ.

ಈಗ ಚಕ್ರದ ಒಟ್ಟು ವ್ಯಾಸ ತೆಗೆಯೋಣ. 18 ಇಂಚು × 25.4 = 457 ಮಿ.ಮೀ. ಮೇಲೊಂದು ಕೆಳಗೊಂದು ರಬ್ಬರ್ ಗೋಡೆ: 96 + 96 = 192. ಒಟ್ಟು 649 ಮಿ.ಮೀ. ಅಂದಾಜು 65 ಸೆಂ.ಮೀ. ಈ 65 ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಸಿಗುತ್ತೆ.

ಹಳೇ ಟೈರ್‌ಗಳಲ್ಲಿ 3.25-19 ಅಂತ ಎರಡೇ ಸಂಖ್ಯೆ ಇರುತ್ತೆ. ಅಗಲ 3.25 ಇಂಚು, ರಿಮ್ 19 ಇಂಚು. ಎತ್ತರ ಎಲ್ಲಿ ಹೋಯ್ತು? ಆ ಕಾಲದ ಟೈರ್‌ನಲ್ಲಿ ಎತ್ತರ ಹೆಚ್ಚು ಕಡಿಮೆ ಅಗಲದಷ್ಟೇ ಇರ್ತಿತ್ತು, ಬೇರೆ ಬರೆಯೋ ಅಗತ್ಯ ಇರ್ಲಿಲ್ಲ. ಅಗಲ ಜಾಸ್ತಿ, ಎತ್ತರ ಕಮ್ಮಿ ಇರೋ ಟೈರ್ ಬಂದ ಮೇಲೇ ಮಧ್ಯದ ಆ ಪರ್ಸೆಂಟ್ ಬೇಕಾಯ್ತು.

ನಾನು ಕೊಡೋ ವ್ಯಾಸ ಎಲ್ಲ ಈ ಲೆಕ್ಕದ್ದು. ಟೇಪ್ ಹಿಡಿದು ಅಳೆದ್ರೆ ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೆ ಈಚೆ ಆಗುತ್ತೆ.

ಭಾಗ 3/10
ದನದ ಡಾಕ್ಟರ್‌ನಿಂದ ಬುಲೆಟ್‌ವರೆಗೆ

ಗಾಳಿ ತುಂಬಿದ ಟೈರ್‌ಗೆ ಮೊದಲ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಸೈಕಲ್ಲೂ ಇಲ್ಲ, ಬೈಕೂ ಇಲ್ಲ, ಕುದುರೆ ಗಾಡಿ ಕಾಲ. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದೇ ಯೋಚನೆಗೆ ಮತ್ತೆ ಜೀವ ಕೊಟ್ಟ. ಮಗನ ಮೂರು ಚಕ್ರದ ಸೈಕಲ್ ಕಲ್ಲು ದಾರಿಯಲ್ಲಿ ಕುಲುಕೋದು ತಪ್ಪಲಿ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. ಟೈರ್ ಇವತ್ತಿನ ರೂಪಕ್ಕೆ ಬಂದಿದ್ದೇ ಕೆಟ್ಟ ರಸ್ತೆ ದೆಸೆಯಿಂದ. ಆ ಅರ್ಥದಲ್ಲಿ ಎಲ್ಲಾ ಟೈರೂ ಹುಟ್ಟಿನಿಂದ ಆಫ್‌ರೋಡೇ!

ಮೊದಮೊದಲ ಬೈಕುಗಳು ಸೈಕಲ್‌ನ ಅಣ್ಣಂದಿರ ತರ ಇದ್ವು. ರಿಮ್ ದೊಡ್ಡದು, ರಬ್ಬರ್ ತೆಳ್ಳಗೆ. ಹಿಂದಿನ ಚಕ್ರ ನೇರ ಫ್ರೇಮಿಗೇ ಬಿಗಿದಿರ್ತಿತ್ತು, ಶಾಕ್ ಅಬ್ಸಾರ್ಬರ್ ಇಲ್ಲ. ಗುಂಡಿ ಬಂದ್ರೆ ತಡ್ಕೊಳ್ಳೋದು ಎರಡೇ: ಸೀಟಿನ ಸ್ಪ್ರಿಂಗ್ ಮತ್ತು ಟೈರೊಳಗಿನ ಗಾಳಿ.

1949ರಲ್ಲಿ ಹೊಸ ರಾಯಲ್ ಎನ್‌ಫೀಲ್ಡ್ ಬುಲೆಟ್ ಬಂದಾಗ ಅದಕ್ಕೆ ಹಿಂದೆ ಸ್ವಿಂಗ್ ಆರ್ಮ್ ಇತ್ತು. ಚಕ್ರ ಮೇಲೆ ಕೆಳಗೆ ಆಡೋಕೆ ಶುರುವಾಯ್ತು. 1950ರ ದಶಕದಲ್ಲಿ ನಮ್ಮ ಸೇನೆ ಗಡಿ ಕಾಯೋಕೆ 350 ಸಿಸಿ ಬುಲೆಟ್ ತರಿಸಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯ್ತು. ಗಡಿ ರಸ್ತೆ ಅಂದ್ರೆ ಆಗ ಬಹುಪಾಲು ಮಣ್ಣು, ಜಲ್ಲಿ, ಹಳ್ಳ. "ಅಡ್ವೆಂಚರ್ ಬೈಕ್" ಅನ್ನೋ ಪದ ನಮ್ಮಲ್ಲಿ ಬರೋಕೆ ಎಷ್ಟೋ ವರ್ಷ ಮೊದಲೇ ಆ ಕೆಲಸ ಮಾಡಿದ್ದು ಈ ಗಾಡಿ.

350 ಬುಲೆಟ್‌ನ ಹಿಂದಿನ ಟೈರ್ 3.25-19. ಲೆಕ್ಕ ಹಾಕಿ: 3.25 ಇಂಚು ಅಂದ್ರೆ 82.5 ಮಿ.ಮೀ. ಎರಡು ಸಲ 165. ರಿಮ್ 19 ಇಂಚು ಅಂದ್ರೆ 483. ಒಟ್ಟು 648 ಮಿ.ಮೀ.

ಮತ್ತೆ 65 ಸೆಂಟಿಮೀಟರ್!

ಭಾಗ 4/10
ಮೈಸೂರಿನ 16 ಇಂಚು

ಈಗ ನಮ್ಮ ಮೈಸೂರು ರಸ್ತೆಯ ಇನ್ನೊಂದು ತುದಿಗೆ ಹೋಗೋಣ.

1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲ ಇತ್ತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಗೆ ಬರೋಕೆ ಶುರುವಾದ್ವು. ಡಿಸೈನ್ ಜೆಕೊಸ್ಲೊವಾಕಿಯಾದ ಜಾವಾದ್ದು. ಆಮೇಲೆ ಹೆಸರು ಯೆಜ್ಡಿ ಆಯ್ತು. 1996ರವರೆಗೆ ಕಾರ್ಖಾನೆ ನಡೀತು. ನಿಮ್ಮ ಮನೇಲಿ ದೊಡ್ಡಪ್ಪನೋ ಮಾವನೋ ಇದ್ರೆ ಕೇಳಿ ನೋಡಿ. ಒಂದೇ ಲಿವರ್‌ನಲ್ಲಿ ಕಿಕ್ಕು, ಗೇರು ಎರಡೂ ಇದ್ದ ಗಾಡಿ ಅಂದ್ರೆ ಸಾಕು, ಅರ್ಧ ಗಂಟೆ ನಿಲ್ಲಿಸೋದಿಲ್ಲ.

ಮೊದಲ ಜಾವಾ 250ರ ಹಿಂದಿನ ಟೈರ್ 3.25-16. ಅಗಲ ಬುಲೆಟ್‌ನಷ್ಟೇ, ರಿಮ್ ಮಾತ್ರ ಮೂರು ಇಂಚು ಚಿಕ್ಕದು. ಒಟ್ಟು ವ್ಯಾಸ 571 ಮಿ.ಮೀ., ಅಂದ್ರೆ 57 ಸೆಂ.ಮೀ. ಚಕ್ರ ಚಿಕ್ಕದಾದ್ರೆ ಗಾಡಿ ತಗ್ಗಿಗೆ ಇಳಿಯುತ್ತೆ, ಕಾಲು ನೆಲಕ್ಕೆ ಸಲೀಸಾಗಿ ಎಟಕುತ್ತೆ, ಊರೊಳಗೆ ತಿರುಗಿಸೋದು ಸುಲಭ. ಟಾರು ರಸ್ತೆ ಮೇಲೆ ಇದೆಲ್ಲ ಲಾಭ.

ಮಣ್ಣಿಗೆ ಇಳಿದಾಗ ಲೆಕ್ಕ ತಿರುಗುತ್ತೆ. ಸಣ್ಣ ಚಕ್ರ ಗುಂಡಿಯೊಳಗೆ ಹೆಚ್ಚು ಆಳಕ್ಕೆ ಬೀಳುತ್ತೆ, ಕಲ್ಲು ಹತ್ತೋಕೆ ಹೆಚ್ಚು ಒದ್ದಾಡುತ್ತೆ. ಮನೇಲೇ ಪ್ರಯೋಗ ಮಾಡಬಹುದು: ಸೂಟ್‌ಕೇಸ್ ಚಕ್ರ ಒಂದು ಸಣ್ಣ ಹೊಸ್ತಿಲಿಗೆ ಸಿಕ್ಕಿ ನಿಲ್ಲುತ್ತೆ, ಸೈಕಲ್ ಚಕ್ರ ಅದೇ ಹೊಸ್ತಿಲನ್ನ ಗಮನಿಸೋದೂ ಇಲ್ಲ.

ಜಾವಾದವರಿಗೆ ಇದು ಗೊತ್ತಿರ್ಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಅದೇ ಜೆಕ್ ಕಂಪನಿ ಮಣ್ಣಿಗೆ ಅಂತಲೇ ಬೇರೆ ಗಾಡಿ ಕಟ್ಟಿ ಯುರೋಪನ್ನ ಗೆಲ್ತಿತ್ತು. ಒಂದೇ ಮನೆ, ಎರಡು ಕೆಲಸ, ಎರಡು ಬೇರೆ ಗಾಡಿ.

ಭಾಗ 5/10
18 ಇಂಚು ಹೇಗೆ ಬಂತು?

ಮಣ್ಣಿನಲ್ಲಿ ಬೈಕ್ ಓಡಿಸೋ ಪಂದ್ಯಕ್ಕೆ ನೂರು ವರ್ಷ ದಾಟಿದೆ. ದಿನಗಟ್ಟಲೆ ಕಾಡು ಗುಡ್ಡ ಸುತ್ತೋ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್ 1913ರಲ್ಲಿ ಶುರು. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಪಂದ್ಯಕ್ಕೆ ಸ್ಕ್ರ್ಯಾಂಬಲ್ ಅಂತ ಹೆಸರು ಬಂತು. ಇವತ್ತಿನ ಮೋಟೋಕ್ರಾಸ್‌ನ ಬೇರು ಅದು. ಸಿಕ್ಸ್ ಡೇಸ್‌ನಲ್ಲಿ 1970ರ ದಶಕದಲ್ಲಿ ಜಾವಾ ಏರಿದ ಜೆಕೊಸ್ಲೊವಾಕಿಯಾ ತಂಡ ಹಲವು ಸಲ ಟ್ರೋಫಿ ಹೊತ್ತುಕೊಂಡು ಹೋಯ್ತು. ಮೈಸೂರು ಜಾವಾದ ಅಣ್ಣ ತಮ್ಮಂದಿರು ಅಂತಲೇ ಹೇಳಬಹುದು.

ಈ ಪಂದ್ಯಗಳಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬೇರೆ ಬೇರೆ ಕೆಲಸ ಅನ್ನೋದು ಸ್ಪಷ್ಟ ಆಯ್ತು. ಮುಂದಿನದು ದಾರಿ ಹುಡುಕಬೇಕು, ಕಲ್ಲು ಗುಂಡಿ ದಾಟಬೇಕು. ಅದಕ್ಕೆ ದೊಡ್ಡದಾಗಿ, ತೆಳ್ಳಗಿರಬೇಕು: 21 ಇಂಚು. ಹಿಂದಿನದು ಭಾರ ಹೊರಬೇಕು, ಇಂಜಿನ್‌ನ ಶಕ್ತಿಯನ್ನ ನೆಲಕ್ಕೆ ಕೊಡಬೇಕು. ಅದಕ್ಕೆ ರಿಮ್ ಸ್ವಲ್ಪ ಚಿಕ್ಕದು, ರಬ್ಬರ್ ಹೆಚ್ಚು: 18 ಇಂಚು.

1968ರ ಯಮಾಹಾ ಡಿಟಿ-1ರ ಹಿಂದಿನ ಟೈರ್ 4.00-18. ರಸ್ತೆಯಲ್ಲೂ ಓಡೋ, ಮಣ್ಣಿಗೂ ಇಳಿಯೋ ಗಾಡಿಯನ್ನ ಸಾಮಾನ್ಯ ಜನರ ಕೈಗೆ ಕೊಟ್ಟಿದ್ದು ಇದು. ಆಮೇಲೆ ಬಂದ ಯಮಾಹಾ ಎಕ್ಸ್‌ಟಿ 500ಕ್ಕೂ ಅದೇ 4.00-18. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಹೊರಟ ಮೊದಲ ಪ್ಯಾರಿಸ್-ಡಕಾರ್ ರ‍್ಯಾಲಿ ಗೆದ್ದ ಸಿರಿಲ್ ನೆವ್ಯೂ ಏರಿದ್ದು ಎಕ್ಸ್‌ಟಿ 500. 4.00-18ರ ವ್ಯಾಸ 660 ಮಿ.ಮೀ. ಬುಲೆಟ್‌ಗಿಂತ ಬರೀ 12 ಮಿ.ಮೀ. ಜಾಸ್ತಿ.

ಮೋಟೋಕ್ರಾಸ್ ಬೇರೆ ದಾರಿ ಹಿಡೀತು. ಅಲ್ಲಿ ಟ್ರ್ಯಾಕ್ ಕಟ್ಟಿರ್ತಾರೆ, ಜಂಪ್ ಇರುತ್ತೆ, ಟೈರ್ ಓಲಾಡಬಾರದು. ಅದಕ್ಕೆ ಹಿಂದೆ 19 ಇಂಚು ರಿಮ್, ರಬ್ಬರ್ ಗೋಡೆ ಕಮ್ಮಿ. ಕಾಡು ದಾರಿಯ ಎಂಡ್ಯೂರೋ ಗಾಡಿ 18ರಲ್ಲೇ ಉಳೀತು, ಕಲ್ಲಿನ ಏಟಿಗೆ ರಬ್ಬರ್ ಬೇಕಲ್ಲ. ಹಿಂದಿನ ರಿಮ್ 19 ಇದ್ದ ತಕ್ಷಣ ಅದು ಜಾಸ್ತಿ ಆಫ್‌ರೋಡ್ ಅಂತ ಅಲ್ಲ. ಕೆಲಸ ಬೇರೆ, ಅಷ್ಟೇ.

ಭಾಗ 6/10
ಸಿಗೋ ಟೈರೇ ಸರಿಯಾದ ಟೈರ್?

ಬರೀ ಇಂಜಿನಿಯರಿಂಗ್ ನೋಡಿದ್ರೆ ಚರಿತ್ರೆ ಅರ್ಧ ಮಾತ್ರ. ಉಳಿದರ್ಧ ಕಾಮರ್ಸ್, ನಮ್ಮ ಸಬ್ಜೆಕ್ಟ್.

ಟೈರ್ ಸವೆಯೋ ವಸ್ತು. ಸವೆದಾಗ ಅದೇ ಸೈಜ್ ಹತ್ತಿರದ ಅಂಗಡಿಯಲ್ಲಿ ಸಿಗಬೇಕು. ಬಜಾಜ್ ಚೇತಕ್ ನೆನಪಿಸ್ಕೊಳ್ಳಿ: ಮುಂದೆ ಹಿಂದೆ ಎರಡೂ 3.50-10, ಜೊತೆಗೆ ಒಂದು ಸ್ಟೆಪ್ನಿ. ಯಾವ ಚಕ್ರ ಪಂಚರ್ ಆದ್ರೂ ಅದೇ ಸ್ಟೆಪ್ನಿ ಹಾಕಿ ಹೊರಡಬಹುದು. ಆ ಸೈಜ್ ಗೆದ್ದಿದ್ದು ಸಂಸಾರ ನಡೆಸೋ ಜನರ ಅನುಕೂಲದಿಂದ. ಬುಲೆಟ್ 350ಕ್ಕೂ ಮುಂದೆ ಹಿಂದೆ ಒಂದೇ ಸೈಜ್ ಇತ್ತು.

ಕರ್ನಾಟಕದಲ್ಲಿ ಟೈರ್ ಮಾಡಿದ ಊರು ಅಂದ್ರೆ ಮತ್ತೆ ಮೈಸೂರೇ. ಮೇಟಗಳ್ಳಿ ಕಡೆ ವಿಕ್ರಾಂತ್ ಟೈರ್ಸ್ ಇತ್ತು, 1997ರಲ್ಲಿ ಜೆ.ಕೆ. ಟೈರ್ ಅದನ್ನ ತಗೊಂಡಿತು. ಫಾಲ್ಕನ್ ಟೈರ್ಸ್ ಇತ್ತು, ಅದರ ಮುಖ್ಯ ಕೆಲಸವೇ ಎರಡು ಚಕ್ರದ ಗಾಡಿಗಳ ಟೈರ್. ಅದರ ಟೈರ್ ಡನ್‌ಲಪ್ ಹೆಸರಲ್ಲೇ ಮಾರುಕಟ್ಟೆಗೆ ಬರ್ತಿತ್ತು. ಬೆಲ್‌ಫಾಸ್ಟ್‌ನ ದನದ ಡಾಕ್ಟರ್ ಹೆಸರು ಮೈಸೂರಿನ ರಬ್ಬರ್ ಮೇಲೆ! ಆ ಕಾರ್ಖಾನೆ ಈಗ ನಿಂತು ಹೋಗಿದೆ.

ಇನ್ನು ನಮ್ಮ ಕಾಲದ 17 ಇಂಚು. ರಸ್ತೆ ಬೈಕುಗಳು ಹೆಚ್ಚಿನವು ಈಗ 17ರ ಮೇಲೇ ಓಡ್ತವೆ. ಹಾಗಾಗಿ ಹಿಂದಿನ ರಿಮ್ 17 ಇದ್ದರೆ ರಸ್ತೆ ಟೈರ್, ಅರ್ಧ ರಸ್ತೆ ಅರ್ಧ ಮಣ್ಣು ಟೈರ್, ಟ್ಯೂಬು ಎಲ್ಲದರಲ್ಲೂ ಆಯ್ಕೆ ಜಾಸ್ತಿ. 18 ಇದ್ದರೆ ಗಟ್ಟಿ ಬಟನ್ ಟೈರ್‌ಗಳ ಆಯ್ಕೆ ಜಾಸ್ತಿ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಿಗೋದು ಬೇರೆ, ಸಕಲೇಶಪುರದಲ್ಲಿ ಮಳೇಲಿ ನಿಂತಾಗ ಪಂಚರ್ ಅಂಗಡಿಯಲ್ಲಿ ಸಿಗೋದು ಬೇರೆ. ದೂರ ಹೋಗೋರು ಇದನ್ನೂ ಸೈಜ್‌ನ ಲೆಕ್ಕಕ್ಕೇ ಸೇರಿಸಬೇಕು.

ಭಾಗ 7/10
140 ಬಂದಿದ್ದು ಎಲ್ಲಿಂದ?

ಟೀ ಅಂಗಡಿಯ ಆ 140ಕ್ಕೆ ಈಗ ಬರೋಣ. ಅದಕ್ಕೂ ಒಂದು ಹುಟ್ಟಿದ ಊರಿದೆ. ಊರಲ್ಲ, ಮರಳುಗಾಡು.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯ ಬೈಕ್ ವಿಭಾಗಕ್ಕೆ ಇಳಿದ ಮೊದಲ ಭಾರತೀಯ. ಆಗ ರ‍್ಯಾಲಿ ದಕ್ಷಿಣ ಅಮೆರಿಕದಲ್ಲಿ ನಡೀತಿತ್ತು. ಮೊದಲ ಸಲವೇ ಕೊನೆ ಮುಟ್ಟಿ 36ನೇ ಸ್ಥಾನ ಪಡೆದರು. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ರು, ಚೇತರಿಸ್ಕೊಂಡು ಬಂದ್ರು.

ಇನ್ನೊಬ್ಬರು ನಿಮಗೆಲ್ಲ ಗೊತ್ತು: ಕೆ.ಪಿ. ಅರವಿಂದ್. ಬಿಗ್ ಬಾಸ್ ಕನ್ನಡ 8ರ ರನ್ನರ್ ಅಪ್ ಅಂತ ಮನೆಮಂದಿಗೆಲ್ಲ ಪರಿಚಯ ಆದವರು. ಅದಕ್ಕೂ ಮೊದಲೇ, ಪಕ್ಕದ ಹೊಸೂರಿನ ಟಿವಿಎಸ್ ಸೇರಿದ್ದ ಶೆರ್ಕೋ-ಟಿವಿಎಸ್ ತಂಡದಲ್ಲಿ ಅವರು ಡಕಾರ್ ಓಡಿದ್ರು. 2017, 2018 ಎರಡೂ ಸಲ ಕೊನೆ ಮುಟ್ಟೋಕೆ ಆಗಲಿಲ್ಲ. ಬಿಡಲಿಲ್ಲ, 2019ರಲ್ಲಿ ಪೆರುವಿನ ಮರಳು ದಾಟಿ 37ನೇಯವರಾಗಿ ಮುಗಿಸಿದ್ರು.

ಇವರಂಥವರು ಏರೋ ರ‍್ಯಾಲಿ ಬೈಕಿನ ಹಿಂದಿನ ಟೈರ್ ಸಾಮಾನ್ಯವಾಗಿ 140/80-18. ವ್ಯಾಸ 681 ಮಿ.ಮೀ. ಅಷ್ಟು ದಪ್ಪ ಯಾಕೆ ಅಂದ್ರೆ ಕಾರಣ ಇದೆ. ಒಂದು, ಮರಳು: ಅಗಲ ಟೈರ್ ಮರಳ ಮೇಲೆ ತೇಲುತ್ತೆ, ತೆಳ್ಳಗಿರೋದು ಹೂತು ಹೋಗುತ್ತೆ. ಎರಡು, ಇಂಜಿನ್: 450 ಸಿಸಿ ರ‍್ಯಾಲಿ ಗಾಡಿಗೆ ನಮ್ಮ 200 ಸಿಸಿ ಗಾಡಿಯ ಸುಮಾರು ಮೂರರಷ್ಟು ಶಕ್ತಿ ಇರುತ್ತೆ. ಮೂರು, ಒಳಗೆ ಟ್ಯೂಬೇ ಇರಲ್ಲ. ಮೂಸ್ ಅಂತ ಕರೆಯೋ ದಪ್ಪ ಫೋಮ್ ಉಂಗುರ ತುಂಬಿರ್ತಾರೆ, ಪಂಚರ್ ಅನ್ನೋ ಮಾತೇ ಇಲ್ಲ. ನಾಲ್ಕು, ದಿನಕ್ಕೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡಬೇಕು, ಬೆಳಗಾದ್ರೆ ಮತ್ತೆ ಹೊರಡಬೇಕು. ಗಾಡಿ ನೋಡ್ಕೊಳ್ಳೋಕೆ ತಂಡ ಇರುತ್ತೆ.

ನಮ್ಮಲ್ಲಿ ಈ ನಾಲ್ಕರಲ್ಲಿ ಯಾವುದಿದೆ?

ಭಾಗ 8/10
65ರ ಗುಟ್ಟು

ಈಗ ನಮ್ಮ ದೇಶದ ಇತ್ತೀಚಿನ ಗಾಡಿಗಳನ್ನ ಸಾಲಾಗಿ ನಿಲ್ಲಿಸೋಣ. ಹಿಂದಿನ ಟೈರ್, ಒಟ್ಟು ವ್ಯಾಸ, ಒಂದು ಬದಿಯ ರಬ್ಬರ್ ಗೋಡೆ:

▪️ ಬುಲೆಟ್ 350, 1950ರ ದಶಕ: 3.25-19 | 648 | 82
▪️ ಹೀರೋ ಇಂಪಲ್ಸ್, 2011: 110/90-17 | 630 | 99
▪️ ಹಿಮಾಲಯನ್ 411, 2016: 120/90-17 | 648 | 108
▪️ ಎಕ್ಸ್‌ಪಲ್ಸ್ 200, 2019: 120/80-18 | 649 | 96
▪️ ಕೆಟಿಎಂ 390 ಅಡ್ವೆಂಚರ್, 2020: 130/80-17 | 640 | 104
▪️ ಯೆಜ್ಡಿ ಅಡ್ವೆಂಚರ್, 2022: 130/80-17 | 640 | 104
▪️ ಹಿಮಾಲಯನ್ 450, 2023: 140/80-17 | 656 | 112

ಎಲ್ಲ ಮಿಲಿಮೀಟರ್‌ನಲ್ಲಿ. ಸ್ಕ್ರೀನ್‌ಶಾಟ್ ತಗೊಳ್ಳಿ.

ಏನು ಕಾಣ್ತಿದೆ? ರಿಮ್ 19ರಿಂದ 17ಕ್ಕೆ ಇಳೀತು, ಅಗಲ 82ರಿಂದ 140ಕ್ಕೆ ಏರಿತು, ಇಂಚು ಹೋಗಿ ಮೆಟ್ರಿಕ್ ಬಂತು. ಹೊರಗಿನ ವೃತ್ತ ಮಾತ್ರ ಎಪ್ಪತ್ತು ವರ್ಷದಲ್ಲಿ 65 ಸೆಂ.ಮೀ. ಅಕ್ಕಪಕ್ಕದಲ್ಲೇ ಸುತ್ತುತ್ತಾ ಇದೆ. ಬುಲೆಟ್ ಮತ್ತು ಹಿಮಾಲಯನ್ 411 ಅಂತೂ ಲೆಕ್ಕದಲ್ಲಿ ಒಂದೇ, 648. ಬದಲಾಗಿದ್ದು ಆ ವೃತ್ತದೊಳಗಿನ ಪಾಲು. ಕಬ್ಬಿಣದ ಪಾಲು ಕಮ್ಮಿ ಆಯ್ತು, ರಬ್ಬರ್ ಪಾಲು ಜಾಸ್ತಿ ಆಯ್ತು.

65 ಯಾಕೆ? ಅದಕ್ಕಿಂತ ತುಂಬಾ ಚಿಕ್ಕದಾದ್ರೆ ಗುಂಡಿಗೆ ಬೀಳುತ್ತೆ, ಜಾವಾದ 57 ನೋಡಿದ್ವಲ್ಲ. ತುಂಬಾ ದೊಡ್ಡದಾದ್ರೆ ಸೀಟು ಮೇಲಕ್ಕೆ ಹೋಗುತ್ತೆ, ಚಕ್ರ ಮೇಲೆ ಕೆಳಗೆ ಆಡೋಕೆ ಜಾಗ ಸಾಲಲ್ಲ, ಚಿಕ್ಕ ಇಂಜಿನ್‌ಗೆ ತಿರುಗಿಸೋದೇ ಭಾರ. ಮಧ್ಯಮ ಇಂಜಿನ್, ಕೆಟ್ಟ ರಸ್ತೆ, ಸಾಮಾನ್ಯ ಎತ್ತರದ ಸವಾರ: ಈ ಮೂರಕ್ಕೂ ಹೊಂದೋ ಜಾಗ ಇದೇ ಆಸುಪಾಸು.

ಇನ್ನೊಂದು ವಿಷಯ. "18 ಇಂಚು ಇದ್ರೇನೇ ನಿಜವಾದ ಆಫ್‌ರೋಡ್" ಅಂತ ವಾದ ಮಾಡ್ತಾರಲ್ಲ, ಹಿಮಾಲಯನ್ 411 ಮತ್ತು ಎಕ್ಸ್‌ಪಲ್ಸ್ ಸಾಲು ನೋಡಿ. ಹೊರ ವೃತ್ತ ಒಂದೇ. ರಬ್ಬರ್ ಗೋಡೆ 17ರಲ್ಲೇ 12 ಮಿ.ಮೀ. ಜಾಸ್ತಿ! ರಿಮ್ ನಂಬರ್ ಒಂದನ್ನೇ ನೋಡಿ ತೀರ್ಪು ಕೊಡಬೇಡಿ, ಮೂರೂ ಸಂಖ್ಯೆ ಸೇರಿಸಿ ಓದಿ.

ಭಾಗ 9/10
140 ಹಾಕಿದ್ರೆ ಏನಾಗುತ್ತೆ?

ಎಕ್ಸ್‌ಪಲ್ಸ್‌ನ 120/80-18 ತೆಗೆದು 140/80-18 ಹಾಕಿದ್ವಿ ಅಂದ್ಕೊಳ್ಳಿ. ಅಂದಾಜಿನ ಮಾತು ಬೇಡ, ಲೆಕ್ಕ ನೋಡೋಣ.

ವ್ಯಾಸ 649ರಿಂದ 681. ಹೆಚ್ಚು ಕಡಿಮೆ ಶೇ. 5 ಜಾಸ್ತಿ. ಒಂದು ಸುತ್ತಿಗೆ ಮೊದಲು 2.04 ಮೀಟರ್ ಹೋಗ್ತಿತ್ತು, ಈಗ 2.14. ಚಕ್ರ ದೊಡ್ಡದಾದ್ರೆ ಇಂಜಿನ್‌ಗೆ ಅದು ಗೇರ್ ಬದಲಾದ ಹಾಗೆ. ಹಿಂದಿನ ಸ್ಪ್ರಾಕೆಟ್‌ಗೆ 40 ಹಲ್ಲಿದ್ರೆ ಅದನ್ನ 38 ಮಾಡಿದ್ದಕ್ಕೆ ಸಮ. ಮಣ್ಣಿಗೆ ಇಳಿಯೋರು ಎಳೆತ ಬೇಕು ಅಂತ ಹಿಂದಿನ ಹಲ್ಲು ಜಾಸ್ತಿ ಮಾಡಿಸ್ತಾರೆ. ದಪ್ಪ ಟೈರ್ ಹಾಕಿದವನು ಅದರ ಉಲ್ಟಾ ಮಾಡಿದ ಹಾಗಾಯ್ತು. 200 ಸಿಸಿ ಇಂಜಿನ್ ಕಡಿದಾದ ಏರಿಯಲ್ಲಿ ಉಸಿರು ಬಿಡುತ್ತೆ, ಕ್ಲಚ್ ಮೇಲೆ ಹೊರೆ ಬೀಳುತ್ತೆ.

ಜಾಗದ ಲೆಕ್ಕ: ಎರಡೂ ಬದಿ 10 ಮಿ.ಮೀ. ಅಗಲ, ಮೇಲೆ 16 ಮಿ.ಮೀ. ಎತ್ತರ. ಒಂದು ಬದಿ ಚೈನ್ ಇದೆ, ಮುಂದೆ ಸ್ವಿಂಗ್ ಆರ್ಮ್ ಇದೆ. ಅಂಗಡಿ ಮುಂದೆ ನಿಲ್ಲಿಸಿದಾಗ ಉಜ್ಜದೇ ಇರಬಹುದು. ಹಿಂದೆ ಒಬ್ಬರು ಕೂತು, ಗುಂಡಿಗೆ ಬಿದ್ದು, ಶಾಕ್ ಪೂರ್ತಿ ಅದುಮಿ, ಬಟನ್ ಮಧ್ಯೆ ಕೆಂಪು ಮಣ್ಣು ತುಂಬಿದಾಗ ಉಜ್ಜುತ್ತಾ ಅನ್ನೋದು ಪ್ರಶ್ನೆ.

ರಿಮ್ ಲೆಕ್ಕ: ಪ್ರತಿ ಟೈರ್‌ಗೂ ಇಷ್ಟು ಅಗಲದ ರಿಮ್ ಅಂತ ಟೈರ್ ಕಂಪನಿಯೇ ಪಟ್ಟಿ ಕೊಡುತ್ತೆ. ದಪ್ಪ ಟೈರನ್ನ ಕಿರಿದಾದ ರಿಮ್‌ಗೆ ತುರುಕಿದ್ರೆ ಎರಡು ಅಂಚು ಒಳಕ್ಕೆ ಎಳ್ಕೊಂಡು ಮಧ್ಯ ಉಬ್ಬುತ್ತೆ. ದುಡ್ಡು ಕೊಟ್ಟಿದ್ದು 140ಕ್ಕೆ, ನೆಲ ಮುಟ್ಟೋದು ಅಷ್ಟಿಲ್ಲ.

ಕಾಸ್ಟಿಂಗ್ ಕ್ಲಾಸಲ್ಲಿ ಹೇಳೋ ಹಾಗೆ ಕೊಂಡ ಬೆಲೆ ಬೇರೆ, ಒಟ್ಟು ಖರ್ಚು ಬೇರೆ. ಟೈರ್, ಅದಕ್ಕೆ ತಕ್ಕ ಟ್ಯೂಬ್, ಎಳೆತ ವಾಪಸ್ ತರೋಕೆ ಸ್ಪ್ರಾಕೆಟ್, ಅಗಲದ ರಿಮ್, ಜಾಸ್ತಿ ಕುಡಿಯೋ ಪೆಟ್ರೋಲ್. ಪಟ್ಟಿ ಮಾಡಿ ಕೂಡಿಸಿ ನೋಡಿ.

ಕಂಪನಿಯೇ ಏನು ಮಾಡ್ತು ನೋಡಿ: ಹೀರೋ ಎಕ್ಸ್‌ಪಲ್ಸ್‌ಗೆ ರ‍್ಯಾಲಿ ಕಿಟ್ ತಂದಾಗ ಸಸ್ಪೆನ್ಷನ್ ಬದಲಿಸಿತು, ಸೀಟು ಬದಲಿಸಿತು, ಬಟನ್ ಟೈರ್ ಕೊಟ್ಟಿತು. ಹಿಂದಿನ ಟೈರ್ ಸೈಜ್ ಮಾತ್ರ ಅದೇ 120/80-18.

ಭಾಗ 10/10
ಹಾಗಾದ್ರೆ ಆರಿಸೋದು ಹೇಗೆ?

1. ನಿಮ್ಮ ದಾರಿ ಯಾವುದು ಬರೆದಿಡಿ. ಮಾಗಡಿ, ರಾಮನಗರ ಕಡೆ ಇರೋದು ಬಂಡೆ, ಜಲ್ಲಿ, ಕೆಂಪು ಮಣ್ಣು. ಮಳೆಗಾಲದ ಕೆಸರಲ್ಲಿ ತೆಳ್ಳಗಿನ ಟೈರ್ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ, ದಪ್ಪನೆಯದು ಮೇಲೇ ಜಾರುತ್ತೆ. ಮರಳಿಗೆ ಬೇಕಾದ ಅಗಲ ಕೆಸರಿಗೆ ಶತ್ರು.

2. ಕಂಪನಿ ಕೊಟ್ಟ ಸೈಜ್‌ನಿಂದಲೇ ಶುರು ಮಾಡಿ. ಅದೇ ಸೈಜ್‌ನಲ್ಲಿ ಬಟನ್ ಟೈರ್ ಸಿಕ್ಕಿದ್ರೆ ಕೆಲಸ ಮುಕ್ಕಾಲು ಮುಗೀತು. ಮಣ್ಣಿನಲ್ಲಿ ಹಿಡಿತ ಹೆಚ್ಚಿಸೋದು ಮೊದಲು ಬಟನ್, ಆಮೇಲೆ ಅಗಲ. ಆದ್ರೆ ಗಟ್ಟಿ ಬಟನ್ ಟೈರ್ ಒದ್ದೆ ಟಾರಿನ ಮೇಲೆ ಹಿಡಿತ ಕಮ್ಮಿ ಕೊಡುತ್ತೆ. ವಾರಕ್ಕೆ ಆರು ದಿನ ಮೈಸೂರು ರಸ್ತೆ ಟ್ರಾಫಿಕ್‌ನಲ್ಲಿ ಇರೋರು ಅರ್ಧ ಅರ್ಧ ಟೈರ್ ಆರಿಸಿ.

3. ಬದಲಿಸಲೇಬೇಕು ಅಂದ್ರೆ ಹೊರ ವ್ಯಾಸ ಶೇ. 2ರೊಳಗೆ ಇರಲಿ ಅನ್ನೋದು ನನ್ನ ಅಭಿಪ್ರಾಯ. ಎರಡನೇ ಪೋಸ್ಟ್‌ನ ಲೆಕ್ಕ ಫೋನಲ್ಲೇ ಮಾಡಬಹುದು. ರಿಮ್ ಅಗಲ ರಿಮ್ ಮೇಲೇ ಒತ್ತಿರುತ್ತೆ, 2.15 × 18 ತರ. ಟೈರ್ ಕಂಪನಿ ಪಟ್ಟಿ ಜೊತೆ ಹೋಲಿಸಿ.

4. ಸೈಜ್ ಪಕ್ಕದ ಸಣ್ಣ ಅಕ್ಷರ ಓದಿ. ಉದಾಹರಣೆಗೆ 62P: 62 ಅಂದ್ರೆ ಆ ಟೈರ್ 265 ಕೆ.ಜಿ. ಹೊರಬಲ್ಲದು, P ಅಂದ್ರೆ ಗಂಟೆಗೆ 150 ಕಿ.ಮೀ.ವರೆಗೆ. ಹಳೇ ಟೈರ್‌ನಲ್ಲಿದ್ದ ಈ ನಂಬರ್‌ಗಿಂತ ಕಮ್ಮಿ ತಗೋಬೇಡಿ. ನಾಲ್ಕು ಅಂಕಿಯ ತಾರೀಖೂ ನೋಡಿ: 2319 ಇದ್ರೆ 2019ರ 23ನೇ ವಾರ ಮಾಡಿದ್ದು. "ಹೊಸ ಟೈರ್" ಅಂತ ಹಳೇ ಸ್ಟಾಕ್ ಕೊಡೋದು ಇಲ್ಲೇ ಗೊತ್ತಾಗುತ್ತೆ.

5. ದುಡ್ಡು ಖರ್ಚು ಮಾಡೋ ಮೊದಲು ಗಾಳಿ ನೋಡಿ. ಹಿಂದಿನ ಚಕ್ರದ ಮೇಲೆ 150 ಕೆ.ಜಿ. ಇದೆ ಅಂದ್ಕೊಳ್ಳಿ. 30 ಪಿಎಸ್‌ಐನಲ್ಲಿ ನೆಲ ಮುಟ್ಟೋ ಜಾಗ ಸುಮಾರು 71 ಚದರ ಸೆಂ.ಮೀ., 20 ಪಿಎಸ್‌ಐನಲ್ಲಿ 107. ಇದು ಕಾಗದದ ಲೆಕ್ಕ, ಟೈರ್ ಬಿರುಸಾಗಿದ್ರೆ ವ್ಯತ್ಯಾಸ ಇಷ್ಟಿರಲ್ಲ. ಆದ್ರೂ 140 ಹಾಕಿ ಪಡೆಯೋಕೆ ಹೊರಟಿದ್ದು ಬಿಟ್ಟಿಯಾಗಿ ಸಿಕ್ತಲ್ಲ. ಎರಡು ಎಚ್ಚರಿಕೆ: ಟ್ಯೂಬ್ ಟೈರ್‌ನಲ್ಲಿ ತೀರಾ ಕಮ್ಮಿ ಮಾಡಿದ್ರೆ ಕಲ್ಲಿಗೂ ರಿಮ್‌ಗೂ ಮಧ್ಯೆ ಸಿಕ್ಕಿ ಟ್ಯೂಬ್ ಕಚ್ಚುತ್ತೆ. ಟಾರಿಗೆ ವಾಪಸ್ ಹತ್ತೋ ಮೊದಲು ಗಾಳಿ ತುಂಬಿಸಲೇಬೇಕು. ಸಣ್ಣ ಪಂಪ್ ಜೊತೆಗಿರಲಿ.

ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಬೈಕ್ ಬಿಡ್ತಿಲ್ಲ, ನಮಗೆ ಸರ್ವಿಸ್ ರಸ್ತೆಯೇ ಗತಿ. ಹಾಗಂತ ಕಂಡ ಕಂಡ ಕಾಡಿಗೆ ಗಾಡಿ ನುಗ್ಗಿಸಬೇಡಿ. ಸಾವನದುರ್ಗದ ಕಾಡು ಟ್ರ್ಯಾಕ್ ಅಲ್ಲ, ಯಾರದೋ ರಾಗಿ ಹೊಲವೂ ಅಲ್ಲ. ಕಲಿಯೋ ಆಸೆ ಇದ್ರೆ ಕೋಲಾರದ ಕಡೆ ಸಂತೋಷ್ ಅವರೇ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ.

ಈಗ ಕೆಳಗೆ ಹೋಗಿ ನಿಮ್ಮ ಹಿಂದಿನ ಟೈರ್ ನಂಬರ್ ನೋಡಿ ಕಾಮೆಂಟ್ ಹಾಕಿ, ಜೊತೆಗೆ ವ್ಯಾಸ ಎಷ್ಟು ಬಂತು ಅಂತಲೂ ಬರೀರಿ. ತಾತನ ಜಾವಾ, ಅಪ್ಪನ ಬುಲೆಟ್ ಇನ್ನೂ ಮನೇಲಿದ್ರೆ ಅದರದ್ದು ಮೊದಲು. 140 ಹಾಕ್ಸೋಕೆ ಹೊರಟಿರೋ ಫ್ರೆಂಡ್‌ನ ಟ್ಯಾಗ್ ಮಾಡಿ, ಅಂಗಡಿಗೆ ಹೋಗೋ ಮೊದಲೇ. ಮುಂದಿನ ಸರಣಿ: ಮುಂದಿನ ಚಕ್ರದ 21 ಇಂಚು.

#ಕೆಂಗೇರಿ #ಟೈರ್‌ಚರಿತ್ರೆ #ಮೈಸೂರುಜಾವಾ #ಆಫ್‌ರೋಡ್‌ಕನ್ನಡ